ಸುಮ್ಮನೆ ಕೂತು, ಜೊತೆಗೆ ಕೂತು

ತೆಂಗು ಬೆಳೆಯುವ ಕಂದಿಕೆರೆ ಸೀಮೆಯ ಮಕ್ಕಳಿಗೆ ಕೊಬ್ಬರಿ ಹೊಸದೇನಲ್ಲ. ಕಾಯಿ ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದಾಗ ಗೊಟಗೊಟ ಅನ್ನುತ್ತದೆ ಎಂಬುದು ಒಂದನೇ ಕ್ಲಾಸಿನವರಿಗೂ ಗೊತ್ತು. ಅಂಥವರ ಅಂಗೈಗೆ ಉಗುರಗಲದ ಕೊಬ್ಬರಿ ಚೂರು ಕೊಟ್ಟು, 'ಇದನ್ನ ಇವತ್ತೇ ಮೊದಲ ಸಲ ನೋಡ್ತಾ ಇದೀವಿ ಅಂದ್ಕೊಳ್ಳಣ' ಅಂದರೆ ಕಿಸಕ್ಕನೆ ನಗುತ್ತಾರೆ. ನಗಲಿ. ನಗು ಅಡಗಿದ ಮೇಲೆ ಒಬ್ಬೊಬ್ಬರೇ ನೋಡತೊಡಗುತ್ತಾರೆ. ಹೊರಮೈಯ ಕಂದು ಸುಕ್ಕು, ಒಳಮೈಯ ಬಿಳುಪು, ಬೆರಳಿಗೆ ಹತ್ತುವ ಎಣ್ಣೆ ಜಿಡ್ಡು, ಕಿವಿಯ ಹತ್ತಿರ ಹಿಡಿದು ಮುರಿದರೆ ಲಟಕ್ ಅನ್ನುವ ಸದ್ದು. ಆಮೇಲೆ ನಾಲಿಗೆಯ ಮೇಲಿಟ್ಟು, ಕಡಿಯದೆ, ಬಾಯಲ್ಲಿ ನೀರೂರುವುದನ್ನು ಗಮನಿಸುವುದು. ಆರು ವರ್ಷದ ಮಗುವಿಗೆ ಕಡಿಯದೆ ಕಾಯುವ ಆ ಹೊತ್ತು ದೊಡ್ಡ ಸಾಹಸವೇ ಸರಿ.

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಜಾನ್ ಕಬಟ್ ಜಿನ್ 1979ರಲ್ಲಿ ರೋಗಿಗಳಿಗಾಗಿ ಶುರುಮಾಡಿದ ಮೈಂಡ್‌ಫುಲ್‌ನೆಸ್, ಅಂದರೆ ಈ ಕ್ಷಣದಲ್ಲಿ ಇರುವುದನ್ನು ಇದ್ದ ಹಾಗೆ ಗಮನಿಸುವ, ತರಗತಿಗಳಲ್ಲಿ ಇದೇ ಅಭ್ಯಾಸವನ್ನು ಒಣದ್ರಾಕ್ಷಿಯಿಂದ ಮಾಡಿಸುತ್ತಾರೆ. ನಮ್ಮ ಕಡೆ ದ್ರಾಕ್ಷಿ ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಆದರೆ ಮಕ್ಕಳ ಶಾಲೆಯಲ್ಲಿ ಇದು ಇಲ್ಲಿಗೇ ನಿಂತರೆ ಅರ್ಧ ಕೆಲಸ. ಉಳಿದರ್ಧ ಚೂರು ನುಂಗಿದ ಮೇಲಿನದು. ಎಲ್ಲರೂ ದುಂಡಗೆ ಕೂತು, ಯಾರಿಗೆ ಏನನ್ನಿಸಿತು ಎಂದು ಹೇಳಬೇಕು. ಒಬ್ಬಳಿಗೆ ಸಿಹಿ, ಇನ್ನೊಬ್ಬನಿಗೆ ಕಮಟು, ಮತ್ತೊಬ್ಬನಿಗೆ 'ಎಷ್ಟೊತ್ತಿಗೆ ಮುಗಿಯುತ್ತೋ' ಅನ್ನುವ ಬೇಸರ. ಒಂದೇ ಗಿಟುಕಿನ ಚೂರು, ಅನ್ನಿಸಿದ್ದು ಬೇರೆ ಬೇರೆ. ಪಕ್ಕದವನ ಒಳಗೂ ಒಂದು ಮನಸ್ಸಿದೆ, ಅದು ನನ್ನದರ ಹಾಗೆ ಇಲ್ಲ ಎಂಬುದು ಮಗುವಿಗೆ ಹೊಳೆಯುವುದು ಇಂಥ ಕಡೆ.

ಈ ಎರಡನೇ ಅರ್ಧಕ್ಕೆ ಸಾಮಾಜಿಕ–ಭಾವನಾತ್ಮಕ ಕಲಿಕೆ ಎಂದು ಹೆಸರು. ಅಮೆರಿಕದಲ್ಲಿ 1994ರಲ್ಲಿ ಹುಟ್ಟಿದ 'ಕಾಸೆಲ್' ಎಂಬ ಸಂಸ್ಥೆ ಇದನ್ನು ಐದು ಕೌಶಲಗಳಾಗಿ ವಿಂಗಡಿಸಿದೆ: ತನ್ನನ್ನು ಅರಿಯುವುದು, ತನ್ನನ್ನು ಸಂಭಾಳಿಸಿಕೊಳ್ಳುವುದು, ಇನ್ನೊಬ್ಬರನ್ನು ಅರಿಯುವುದು, ಹೊಂದಿ ಬಾಳುವುದು, ಹೊಣೆಯರಿತು ತೀರ್ಮಾನಿಸುವುದು. ಬೆಂಗಳೂರಿನ ನಿಮ್ಹಾನ್ಸ್ ಪ್ರೌಢಶಾಲೆಯ ಮಕ್ಕಳಿಗೆ ರೂಪಿಸಿದ ಜೀವನ ಕೌಶಲ ಶಿಕ್ಷಣವೂ ಹೆಚ್ಚುಕಡಿಮೆ ಇದೇ ದಾರಿಯದು. ಪಟ್ಟಿ ಓದುವುದಕ್ಕೆ ಸುಲಭ. ಆದರೆ ಸಿಟ್ಟು ಮೈಯಲ್ಲಿ ಎಲ್ಲಿಂದ ಏಳುತ್ತದೆ ಎಂದು ಒಮ್ಮೆಯೂ ಗಮನಿಸದ ಮಗುವಿಗೆ 'ಸಿಟ್ಟು ಮಾಡ್ಕೋಬಾರ್ದು' ಎಂದು ಹೇಳಿ ಏನು ಪ್ರಯೋಜನ? ಹಾಗೆಯೇ, ಕಣ್ಣು ಮುಚ್ಚಿ ಉಸಿರು ನೋಡಿಕೊಂಡ ಮಗು ಎದ್ದ ಕೂಡಲೇ ತಂಗಿಯ ಜಡೆ ಎಳೆದರೆ ಆ ಉಸಿರಾಟದಿಂದ ಮನೆಯವರಿಗೇನು ಬಂತು? ಎರಡನ್ನೂ ಬೆಸೆಯುವ ಕಡೆ ಶಿಕ್ಷಕರ ಕೈಚಳಕ ಕಾಣುತ್ತದೆ. ನನಗೆ ಮೆಚ್ಚುಗೆ ಇರುವುದು ಆ ಬೆಸುಗೆಯ ಬಗ್ಗೆ.

ನಮ್ಮ ಶಾಲೆಗಳಲ್ಲಿ ಮೌನ ಇರಲಿಲ್ಲ ಎಂದಲ್ಲ. ಕೈ ಕಟ್ಟು, ಬಾಯಿ ಮೇಲೆ ಬೆರಳಿಡು ಎಂಬ ಮೌನ ಬೇಕಾದಷ್ಟಿತ್ತು, ಅದರ ಹಿಂದೆ ಹುಣಸೆ ಬರಲೂ ಇತ್ತು. ಗಲಾಟೆ ಅಡಗಿಸುವ ಹೊಸ ಉಪಾಯ ಎಂದುಕೊಂಡು ಧ್ಯಾನ ಮಾಡಿಸಿದರೆ ಮಕ್ಕಳು ಅದನ್ನು ಒಂದೇ ದಿನದಲ್ಲಿ ಕಂಡುಹಿಡಿಯುತ್ತಾರೆ.

ಕರ್ನಾಟಕದ ಮಟ್ಟಿಗೆ ಈ ಬೆಸುಗೆಯ ಕಸುಬಿಗೆ ಜಾಗ ಮೊದಲೇ ಸಿದ್ಧವಾಗಿದೆ, ಅದು ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ಮಕ್ಕಳು ಒಟ್ಟಿಗೆ ಕಲಿಯುವ ನಲಿಕಲಿ ಕೊಠಡಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಮದನಪಲ್ಲಿ ಬಳಿಯ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳ ಕಲಿಕಾ ಕಾರ್ಡುಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ಇದನ್ನು ಕಟ್ಟಿದರು. 2009–10ರ ಹೊತ್ತಿಗೆ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಬೆಂಚಿಲ್ಲ. ಮಕ್ಕಳು ನೆಲದ ಮೇಲೆ ಗುಂಪು ಗುಂಪಾಗಿ, ತಂತಮ್ಮ ಗುಂಪಿನ ಗುರುತಿನ ತಟ್ಟೆಗಳ ಸುತ್ತ ಕೂರುತ್ತಾರೆ. ಸಹಪಾಠಿಗಳ ಸಹಾಯದಿಂದ ಕಲಿಯುವುದಕ್ಕೆಂದೇ ಒಂದು ಗುಂಪಿದೆ. ಜಿಡ್ಡು ಕೃಷ್ಣಮೂರ್ತಿಯವರು ಕಟ್ಟಿದ ಅದೇ ರಿಷಿವ್ಯಾಲಿ ಶಾಲೆಯಲ್ಲಿ 'ಅಸ್ತಾಚಲ' ಎಂಬುದೂ ಒಂದಿದೆ. ಸಂಜೆ ಮಕ್ಕಳು ಮಾತಿಲ್ಲದೆ ಕೂತು ಸೂರ್ಯ ಮುಳುಗುವುದನ್ನು ನೋಡುತ್ತಾರೆ. ಕಾರ್ಡು, ತಟ್ಟೆಗಳ ಪದ್ಧತಿ ನಮ್ಮಲ್ಲಿಗೆ ಬಂತು, ಆ ಮೌನ ಅಲ್ಲೇ ಉಳಿಯಿತು. ಪೂರ್ತಿ ಸಾಮಾನು ಕಟ್ಟಿಕೊಂಡು ಬರಲಿಲ್ಲವಲ್ಲ ಎಂದು ನನಗೆ ಆಗಾಗ ಅನ್ನಿಸುವುದುಂಟು.

ಬಿಟ್ಟುಹೋದದ್ದನ್ನು ಸೇರಿಸಲು ಹೊಸ ಪೀರಿಯಡ್ ಬೇಕಿಲ್ಲ. ನಲಿಕಲಿ ಗೋಡೆಯಲ್ಲಿ ಹವಾಮಾನ ಚಾರ್ಟ್ ಇರುತ್ತದೆ. ಇವತ್ತು ಬಿಸಿಲೋ ಮೋಡವೋ ಮಳೆಯೋ ಎಂದು ಮಕ್ಕಳೇ ಗುರುತಿಸುತ್ತಾರೆ. ನೆದರ್ಲೆಂಡಿನ ಎಲೀನ್ ಸ್ನೆಲ್ ಎಂಬ ಶಿಕ್ಷಕಿ ಮಕ್ಕಳಿಗೆ ಇದನ್ನೇ ಒಳಮುಖ ಮಾಡಿ ಕಲಿಸುತ್ತಾರೆ: ನಿನ್ನ ಒಳಗೆ ಇವತ್ತು ಹವೆ ಹೇಗಿದೆ? ಅವರದೇ ಇನ್ನೊಂದು ಉಪಾಯ ಕಪ್ಪೆಯ ಹಾಗೆ ಕೂರುವುದು. ಕಪ್ಪೆ ಮಾರು ದೂರ ನೆಗೆಯಬಲ್ಲದು, ಆದರೂ ಹೊಟ್ಟೆಯಷ್ಟೇ ಏರಿಳಿಯುತ್ತ ಅಲ್ಲಾಡದೆ ಕೂತು ಸುತ್ತಲನ್ನೂ ನೋಡುತ್ತಿರುತ್ತದೆ. ಕೆರೆ ಏರಿಯ ಮೇಲೆ ಓಡಾಡುವ ಮಕ್ಕಳಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಬೆಳಿಗ್ಗೆ ಒಂದು ನಿಮಿಷ ಹಾಗೆ ಕೂತು, ಆಮೇಲೆ ಚಾರ್ಟಿನ ಮುಂದೆ ನಿಂತು 'ಮಿಸ್, ನಂಗೆ ಮೋಡ' ಎಂದು ಒಂದು ಹುಡುಗಿ ಅಂದಳು ಅಂದುಕೊಳ್ಳಿ. ಜಾಣ ಶಿಕ್ಷಕಿ ಅಲ್ಲಿ ಯಾಕೆ ಎಂದು ಕೆದಕುವುದಿಲ್ಲ, ಸಮಾಧಾನಕ್ಕೂ ಕೈ ಹಾಕುವುದಿಲ್ಲ. 'ಮೋಡ ಇದೆಯಾ, ಸರಿ. ಯಾರ ಪಕ್ಕ ಕೂರ್ತೀಯ?' ಎಂದಷ್ಟೇ ಕೇಳುತ್ತಾರೆ. ಉತ್ತರ ಕೊಡುವ ಹುಡುಗಿಯೂ, ಪಕ್ಕಕ್ಕೆ ಸರಿದು ಜಾಗ ಬಿಡುವ ಹುಡುಗನೂ ಇಬ್ಬರೂ ಕಲಿಯುತ್ತಾರೆ.

ನಿಜವಾದ ಪರೀಕ್ಷೆ ಜಗಳದ್ದು. 'ಮಿಸ್, ಇವ್ನು ನನ್ ಬಳಪ ಕಿತ್ಕಂಡ' ಎಂಬ ದೂರು ದಿನಕ್ಕೆ ಎಷ್ಟು ಸಲವೋ. ಹಳೆಯ ರೂಢಿಯಲ್ಲಿ ಇಬ್ಬರಿಗೂ ಒಂದೊಂದು ಬಿಟ್ಟರೆ ಕೇಸು ಮುಗಿಯಿತು. ಈ ಕಸುಬು ಬಲ್ಲವರು ಮೊದಲು ಇಬ್ಬರನ್ನೂ ನಿಲ್ಲಿಸಿ, ಹೊಟ್ಟೆಯ ಮೇಲೆ ಕೈಯಿಡಿಸಿ ಮೂರು ಉಸಿರು ಎಣಿಸಲು ಹೇಳುತ್ತಾರೆ, ತಾವೂ ಎಣಿಸುತ್ತಾರೆ. ಮೈಯಲ್ಲಿ ಏನಾಗ್ತಿದೆ ಎಂದು ಕೇಳುತ್ತಾರೆ. 'ಎದೆ ಡವಡವ ಅಂತೈತೆ.' 'ಕಿವಿ ಬಿಸಿ ಆಗೈತೆ.' ಅದಾದ ಮೇಲೆ ಒಬ್ಬ ಹೇಳಿದ್ದನ್ನು ಇನ್ನೊಬ್ಬ ತನ್ನ ಬಾಯಿಂದ ತಿರುಗಿ ಹೇಳಬೇಕು, ತನ್ನ ವಾದ ಸೇರಿಸುವಂತಿಲ್ಲ. ಇದು ದೊಡ್ಡವರಿಗೂ ಕಷ್ಟ. ಪಂಚಾಯ್ತಿ ಕಟ್ಟೆಯಲ್ಲಿ ಮಾಡಿಸಿ ನೋಡಿ. ಕೊನೆಗೆ ಬಳಪದ ತೀರ್ಮಾನ ಅವರದೇ. ಮೂರು ಉಸಿರು ಎಣಿಸದೆ ನೇರ ಮಾತಿಗೆ ಇಳಿದರೆ ಅದು ಮತ್ತೆ ವಾಗ್ವಾದ. ಉಸಿರಿಗೇ ನಿಲ್ಲಿಸಿದರೆ ಬಳಪ ಇನ್ನೂ ಕಿತ್ತುಕೊಂಡವನ ಜೇಬಿನಲ್ಲೇ.

ಇದರಿಂದ ಫಲವಿದೆಯೇ? ಕೆನಡಾದಲ್ಲಿ ನಾಲ್ಕು, ಐದನೇ ತರಗತಿಯ 99 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನ ಎರಡನ್ನೂ ಬೆಸೆದ 'ಮೈಂಡ್ಅಪ್' ಪಾಠವನ್ನು ಪರೀಕ್ಷಿಸಿತು. ದಿನಕ್ಕೆ ಮೂರು ಸಲ ಮೂರು ಮೂರು ನಿಮಿಷ ಗಂಟೆಯ ನಾದ, ಉಸಿರು. ಜೊತೆಗೆ ಇನ್ನೊಬ್ಬರ ಕಣ್ಣಿನಿಂದ ನೋಡುವ, ನೆರವಾಗುವ ಪಾಠಗಳು. ಆ ಮಕ್ಕಳು ಗಮನದಲ್ಲೂ ಅನುಕಂಪದಲ್ಲೂ ಮುಂದಾದರು. ಅವರು ಹೆಚ್ಚು ನೆರವಾಗುವವರು ಎಂದು ಸಹಪಾಠಿಗಳೇ ಗುರುತಿಸಿದರು. ಇನ್ನೊಂದು ಮಗ್ಗುಲೂ ಇದೆ. ಬ್ರಿಟನ್ನಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಹದಿಹರೆಯದವರ ಮೇಲೆ ನಡೆದು 2022ರಲ್ಲಿ ಹೊರಬಂದ 'ಮಿರಿಯಡ್' ಅಧ್ಯಯನದಲ್ಲಿ, ಮೈಂಡ್‌ಫುಲ್‌ನೆಸ್ ಪಾಠ ಸೇರಿಸಿದ್ದರಿಂದ ಎಂದಿನ ಬೋಧನೆಗಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಬಹಳ ಮಕ್ಕಳು ಮನೆಯಲ್ಲಿ ಅಭ್ಯಾಸ ಮಾಡಲೇ ಇಲ್ಲ. ಅಲ್ಲಿ ಸ್ವಲ್ಪ ಕಾಲವಾದರೂ ಹಗುರಾದವರು ಶಿಕ್ಷಕರು, ಅವರ ದಣಿವು ಇಳಿದಿತ್ತು. ಇದು ನನಗೆ ಸೋಲಾಗಿ ಕಾಣುವುದಿಲ್ಲ. ಒಂದೇ ಕೊಠಡಿಯಲ್ಲಿ ಮೂರು ತರಗತಿ ನಡೆಸುತ್ತ, ಮೊಟ್ಟೆ ಲೆಕ್ಕ, ಹಾಲಿನ ಲೆಕ್ಕ ಬರೆಯುವ ಮೇಡಂಗೇ ಒಂದು ನಿಮಿಷ ಕೂರಲಾಗದಿದ್ದರೆ ಮಕ್ಕಳನ್ನು ಕೂರಿಸುವುದು ಹೇಗೆ?

ಶುರುಮಾಡುವವರಿಗೆ ಶಾಲೆಯಲ್ಲಿ ಕೊಡುವ ಕ್ಷೀರಭಾಗ್ಯದ ಹಾಲಿನ ಹೊತ್ತು ಒಳ್ಳೆಯದು. ಲೋಟ ಬಿಸಿಯಿರುತ್ತದೆ, ಆರುವವರೆಗೆ ಹೇಗೂ ಕಾಯಬೇಕು. ಕಣ್ಣು ಮುಚ್ಚಲೇಬೇಕೆಂದು ಯಾರನ್ನೂ ಒತ್ತಾಯಿಸಬಾರದು. ಮನೆಯಲ್ಲಿ ಪೆಟ್ಟು ತಿನ್ನುವ ಮಗುವಿಗೆ ಕಣ್ಣು ಮುಚ್ಚಿದ ಕತ್ತಲು ಭಯ ತರಬಹುದು. ಅಂಥವರು ನೆಲ ನೋಡಲಿ, ಕಿಟಕಿಯಾಚೆಯ ತೆಂಗಿನ ಗರಿ ನೋಡಲಿ. ದಿನವೂ 'ಮೋಡ' ಅನ್ನುವ ಮಗು ಇದ್ದರೆ ಅದು ದುಂಡಗೆ ಕೂತು ಬಗೆಹರಿಸುವ ವಿಷಯವಲ್ಲ. ಬೇರೆಯಾಗಿ ಕರೆದು ಮಾತಾಡಿಸಬೇಕು, ಮುಖ್ಯ ಶಿಕ್ಷಕರಿಗೆ ಹೇಳಬೇಕು, ಅಗತ್ಯ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು.