ಹೇಮಂತದಲ್ಲಿ ಮಲೆನಾಡಿನ ಹಿತ್ತಲು

ಮಲೆನಾಡಿನಲ್ಲಿ ನೀರಿಗೆ ಬರವೇಕೆಂದು ಬಯಲುಸೀಮೆಯವರು ಆಶ್ಚರ್ಯದಿಂದ ಕೇಳುವುದುಂಟು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಬೀಳುವುದು ನಿಜ. ಆದರೆ ಅದರಲ್ಲಿ ಬಹುಭಾಗವು ಜೂನ್ ತಿಂಗಳಿಂದ ಸೆಪ್ಟೆಂಬರಿನೊಳಗಾಗಿ ಸುರಿದು, ಇಳಿಜಾರಿನಲ್ಲಿ ಹರಿದು, ಹಳ್ಳಹೊಳೆಗಳ ಪಾಲಾಗುತ್ತದೆ. ಆದಕಾರಣ ಶ್ರಾವಣದಲ್ಲಿ ಅಂಗಳವೆಲ್ಲ ಕೆಸರಾಗಿದ್ದ ಮನೆಯಲ್ಲಿಯೇ ಚೈತ್ರದ ಹೊತ್ತಿಗೆ ಬಾವಿಯ ತಳ ಕಾಣುವುದೂ, ಹುಳಿಗೆ ಬೇಕಾದ ಹಿಡಿ ಸೊಪ್ಪಿಗೆ ಸಂತೆಯ ದಾರಿ ನೋಡಬೇಕಾಗುವುದೂ ಅಪೂರ್ವವಲ್ಲ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಗೃಹಸ್ಥನು ಹಿತ್ತಲಿನ ನೆಲವನ್ನು ಹೇಗೆ ರಕ್ಷಿಸುವನೋ ಅದನ್ನವಲಂಬಿಸಿ ಬೇಸಗೆಯ ಅಡಿಗೆಮನೆ ನಡೆಯತಕ್ಕದ್ದು.

ಅತಿವೃಷ್ಟಿಯು ಮಣ್ಣಿನಲ್ಲಿರುವ ಸುಣ್ಣ, ಪೊಟ್ಯಾಷ್ ಮೊದಲಾದ ಸತ್ವಗಳನ್ನು ತೊಳೆದೊಯ್ಯುವುದರಿಂದ ನಮ್ಮ ಜಂಬಿಟ್ಟಿಗೆ ನೆಲಕ್ಕೆ ಹುಳಿಯ ಗುಣ ಹೆಚ್ಚು. ಬಚ್ಚಲೊಲೆಯ ಸೌದೆಬೂದಿಯು ಇದಕ್ಕೆ ಸುಲಭವಾದ ಪರಿಹಾರ. ಅದರಲ್ಲಿ ಈ ಎರಡು ಸತ್ವಗಳೂ ಉಂಟು. ಆದರೆ ಬೂದಿಯನ್ನು ತೆಳ್ಳಗೆ ಎರಚಿ ಮಣ್ಣಿನಲ್ಲಿ ಬೆರೆಸಬೇಕೇ ಹೊರತು ಎಳೆಯ ಗಿಡದ ಬುಡದಲ್ಲಿ ರಾಶಿ ಹಾಕಬಾರದು. ಹಸಿಯ ಸಗಣಿಯೊಡನೆ ಕಲಸುವುದೂ ತರವಲ್ಲ. ಹಾಗೆ ಮಾಡಿದರೆ ಗೊಬ್ಬರದ ಸಾರಜನಕವು ವಾಯುರೂಪವಾಗಿ ಹಾರಿಹೋಗುವುದು.

ಎರಡನೆಯ ಕರ್ತವ್ಯವು ನೆಲಕ್ಕೆ ಹೊದಿಕೆ ಕೊಡುವುದು. ಹಿತ್ತಲನ್ನು ಗುಡಿಸಿ, ದರಗನ್ನು ಒಟ್ಟಿ, ಬೆಂಕಿಯಿಡುವುದು ಶುಚಿತ್ವದ ಲಕ್ಷಣವೆಂದು ಅನೇಕರು ತಿಳಿದಿರುವರು. ಒಂದು ಗಳಿಗೆಯ ಉರಿಯಲ್ಲಿ ವರ್ಷದ ಗೊಬ್ಬರವು ಹೊಗೆಯಾಗಿ ಹೋಗಿ, ಹಿಡಿ ಬೂದಿ ಮಾತ್ರ ಉಳಿಯುತ್ತದೆ. ಅಡಕೆಯ ತೋಟಗಳಿಗಾಗಿ ಸೊಪ್ಪಿನಬೆಟ್ಟಗಳನ್ನು ಕಾಪಾಡಿಕೊಂಡು ಬಂದ ನಮ್ಮ ಹಿರಿಯರಿಗೆ ಎಲೆಯ ಬೆಲೆ ತಿಳಿದಿತ್ತು. ಮಣ್ಣಿನಲ್ಲಿ ತೇವ ಉಳಿದಿರುವಾಗಲೇ ಪಾತಿಗಳ ಮೇಲೆ ನಾಲ್ಕು ಬೆರಳಿನಷ್ಟು ದಪ್ಪಕ್ಕೆ ದರಗನ್ನು ಹರಡಿರಿ. ಕಾಂಡಕ್ಕೆ ತಗುಲದಂತೆ ಗೇಣಗಲ ಬಿಡಿರಿ. ಇಲ್ಲವಾದರೆ ಗೆದ್ದಲಿಗೆ ದಾರಿಯಾದೀತು.

ಈ ಕಾಲದ ಇಬ್ಬನಿಯು ಕಣ್ಣನ್ನು ವಂಚಿಸುವಂಥದು. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಧಾನ್ಯಬೀಜಗಳನ್ನು ಏಳು ರಾತ್ರಿಗಳವರೆಗೆ ಇಬ್ಬನಿಗಿಟ್ಟು ಬಿಸಿಲಿನಲ್ಲಿ ಒಣಗಿಸುವ ವಿಧಿಯಿದೆ. ಬೀಜಕ್ಕೆ ಉಪಯೋಗಿಸಿದ ಆ ಇಬ್ಬನಿಯು ಬೇರಿಗೆ ಸಾಲದು. ಎಲೆ ಒದ್ದೆಯಾಗಿದೆಯೆಂದು ಸುಮ್ಮನಿರದೆ, ಮಣ್ಣಿನಲ್ಲಿ ಬೆರಳನ್ನು ಊರಿ ನೋಡಿ, ಒಣಗಿದ್ದರೆ ಬೆಳಗಿನಲ್ಲಿ ಬುಡಕ್ಕೆ ಮಾತ್ರ ನೀರೆರೆಯಿರಿ.

ಬಿತ್ತನೆಗೆ ಈ ಋತುವು ಪ್ರಶಸ್ತವಾದುದು. ಹರಿವೆಯು ತಿಂಗಳೊಳಗೆ, ಮೂಲಂಗಿಯು ಒಂದೂವರೆ ತಿಂಗಳಿನಲ್ಲಿ ಕೈಗೆ ಬರುವುವು. ಮೆಂತ್ಯ, ಕೊತ್ತಂಬರಿ, ಬದನೆ, ಎಲೆಕೋಸುಗಳಿಗೆ ಈ ತಂಪು ಹಿತಕರ. ಎಲೆ ಹಳದಿಯಾಗಿ ಒರಗಿದ ಸುವರ್ಣಗೆಡ್ಡೆ, ಶುಂಠಿಗಳನ್ನು ಅಗೆದು, ಬೀಜಕ್ಕೆ ಬೇಕಾದಷ್ಟನ್ನು ನೆರಳಿನಲ್ಲಿ ತೆಗೆದಿರಿಸಬೇಕು. ಬಚ್ಚಲ ನೀರು ಹರಿಯುವಲ್ಲಿ ಬಸಳೆಯ ಚಪ್ಪರವೊಂದಿದ್ದರೆ ಬಾವಿಯ ನೀರನ್ನು ಬೇಡದೆ ಬೇಸಗೆಯಲ್ಲಿಯೂ ಸೊಪ್ಪು ದೊರೆಯುವುದು. ಸಾಬೂನು ಹೆಚ್ಚಾಗಿ ಬೆರೆತ ನೀರನ್ನು ಮಾತ್ರ ಬೇರೆ ಕಡೆಗೆ ತಿರುಗಿಸುವುದು ಕ್ಷೇಮ.

ಈ ಮಾತುಗಳಲ್ಲಿ ಸಂದೇಹವುಳ್ಳವರು ಪರೀಕ್ಷಿಸಿ ನೋಡಬಹುದು. ಎರಡು ಪಾತಿಗಳಲ್ಲಿ ಒಂದಕ್ಕೆ ದರಗು ಹೊದಿಸಿ, ಇನ್ನೊಂದನ್ನು ಬರಿದಾಗಿ ಬಿಡಿರಿ. ಎರಡಕ್ಕೂ ಸಮನಾಗಿ ನೀರೆರೆಯಿರಿ. ಮಾಘಮಾಸದಲ್ಲಿ ಮನೆಯ ಮಕ್ಕಳನ್ನು ಕರೆದು ಎರಡರಿಂದಲೂ ಒಂದೊಂದು ಹಿಡಿ ಮಣ್ಣನ್ನು ತೆಗೆಯಿಸಿರಿ. ಯಾವುದು ಮುದ್ದೆಯಾಗಿ ನಿಲ್ಲುವುದು, ಯಾವುದು ಬೆರಳ ಸಂದಿನಲ್ಲಿ ಪುಡಿಯಾಗಿ ಉದುರುವುದು ಎಂಬುದನ್ನು ಅವರೇ ಹೇಳುವರು.