ಸುಟ್ಟ ಅಕ್ಕಿಯ ಕಪ್ಪು, ಗುರಿಗೆಯ ಹಳದಿ

ವಿಜಯದಶಮಿ ಕಳೆದರೆ ಭೂಮಿ ಹುಣ್ಣಿಮೆಗೆ ಉಳಿಯುವುದು ಐದೇ ದಿನ. ಸಾಗರ, ಸೊರಬ, ಸಿದ್ದಾಪುರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಆಗ ಹೆಂಗಸರ ಕೈಗೆ ಬಿಡುವಿರುವುದಿಲ್ಲ. ಅಟ್ಟ ಸೇರಿದ್ದ ಬಿದಿರ ಬುಟ್ಟಿಗಳು ಕೆಳಗಿಳಿಯುತ್ತವೆ. ಸಂದುಗಳಿಗೆ ಸಗಣಿ ಮೆತ್ತಿ ಒಣಗಿಸಿ, ಅದರ ಮೇಲೆ ಕೆಮ್ಮಣ್ಣು ಬಳಿದು ಮತ್ತೆ ಒಣಗಿಸಿ, ಆಮೇಲೆ ಅಕ್ಕಿ ಅರೆದ ಬಿಳಿಯಲ್ಲಿ ಚಿತ್ತಾರ ಬರೆಯುತ್ತಾರೆ. ದೊಡ್ಡದು ಭೂಮಣ್ಣಿ ಬುಟ್ಟಿ, ಚಿಕ್ಕದು ಅಚ್ಚಂಬಲಿ ಬುಟ್ಟಿ. ಹುಣ್ಣಿಮೆಯ ದಿನ ಬೆಳಕು ಹರಿಯುವ ಮೊದಲೇ ಇವುಗಳಲ್ಲಿ ಬಗೆಬಗೆಯ ಅಡುಗೆ ತುಂಬಿಕೊಂಡು ಗದ್ದೆಗೆ ಹೋಗುತ್ತಾರೆ. ಹೊಡೆ ತುಂಬಿ ನಿಂತ ಭತ್ತವೆಂದರೆ ಬಸುರಿ ಹೆಣ್ಣು. ಅವಳಿಗೆ ಬಯಕೆಯೂಟ ಬಡಿಸುವ ಹಬ್ಬವಿದು.

ಪ್ರಕೃತಿಯಿಂದ ಸ್ಫೂರ್ತಿ ಪಡೆಯುವುದು ಹೇಗೆ ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಈ ಬುಟ್ಟಿ. ಸೂರ್ಯಾಸ್ತ, ಜಲಪಾತ, ಮಂಜು ಮುಸುಕಿದ ಗುಡ್ಡ ಇವೆಲ್ಲ ಆಮೇಲೆ. ಬುಟ್ಟಿ ಬರೆಯುವವಳು ಗದ್ದೆಯನ್ನು ದೂರ ನಿಂತು ಚಂದ ನೋಡಿದವಳಲ್ಲ. ಸಸಿ ನೆಟ್ಟವಳು, ಕಳೆ ಕಿತ್ತವಳು. ಅದೇ ಗದ್ದೆಯ ಅಕ್ಕಿಯೇ ಅವಳ ಬಣ್ಣ.

ಬಣ್ಣದ ಸಂಗತಿಯನ್ನು ಸ್ವಲ್ಪ ಬಿಡಿಸಿಯೇ ಹೇಳಬೇಕು. ಚಿತ್ತಾರಕ್ಕೆ ಬಣ್ಣ ನಾಲ್ಕೇ. ಬಿಳಿಗೆ ಅಕ್ಕಿಯನ್ನು ನೆನೆಸಿ ನುಣ್ಣಗೆ ಅರೆಯಬೇಕು. ಕಪ್ಪಿಗೂ ಅಕ್ಕಿಯೇ ಬೇಕು, ಆದರೆ ಅದನ್ನು ಇದ್ದಿಲಿನ ಹಾಗಾಗುವವರೆಗೆ ಹುರಿದು ಸುಟ್ಟು ಅರೆಯಬೇಕು. ಕೆಂಪು ಕೆಮ್ಮಣ್ಣಿನದು. ಹಳದಿ ಗುರಿಗೆ ಬೀಜದ್ದು. ಅದಕ್ಕೆ ಕಾಡಿಗೇ ಹೋಗಬೇಕು, ಕಾಯಿ ಬಿಡುವ ಕಾಲಕ್ಕೇ ಹೋಗಬೇಕು. ಕುಂಚವೂ ಅಂಗಡಿಯದಲ್ಲ. ಪುಂಡಿ ನಾರನ್ನು ಜಜ್ಜಿ ತುದಿ ಬಿಡಿಸಿದರೆ ಕುಂಚ ಆಯಿತು. ದಪ್ಪ ಗೆರೆಗೆ ಒಂದು ನಾರು, ಕೂದಲೆಳೆಯಂಥ ಗೆರೆಗೆ ಇನ್ನೊಂದು. ಅಕ್ಕಿಹಿಟ್ಟು ತೆಳ್ಳಗಾದರೆ ಗೋಡೆ ಮೇಲೆ ಇಳಿಯುತ್ತದೆ, ಗಟ್ಟಿಯಾದರೆ ನಾರಿನಿಂದ ಕೆಳಗೇ ಬರುವುದಿಲ್ಲ. ಒದ್ದೆ ಇರುವಾಗ ಗೆರೆ ಮಸುಕಾಗಿ ಕಾಣುತ್ತದೆ, ಒಣಗಿದ ಮೇಲೆ ಬೆಳ್ಳಗೆ ಎದ್ದು ಬರುತ್ತದೆ. ಹಾಗಾಗಿ ಬರೆಯುವಾಗ ಕಣ್ಣಿಗಿಂತ ಕೈಯನ್ನು ನಂಬಬೇಕು.

ನಾಲ್ಕೇ ಬಣ್ಣ ಇರುವುದರಿಂದಲೇ ಚಿತ್ತಾರಕ್ಕೆ ಆ ಬಿಗಿ ಬಂದಿದೆ ಎಂದು ನನ್ನ ನಂಬಿಕೆ. ಹಸಿರು ಇಲ್ಲ, ನೀಲಿ ಇಲ್ಲ. ಮಲೆನಾಡಿನಲ್ಲಿ ಕೂತು ಹಸಿರೇ ಇಲ್ಲದ ಚಿತ್ರ ಬರೆಯುವುದೆಂದರೆ ಸಣ್ಣ ಮಾತೇ? ಬಣ್ಣ ಕೊಡಲಾಗದ್ದನ್ನೆಲ್ಲ ಗೆರೆಯೇ ಹೊತ್ತುಕೊಳ್ಳಬೇಕು. ಮದುವೆ ಮನೆಯ ಹಸೆಗೋಡೆಯ ಚಿತ್ತಾರ ನೋಡಿದವರಿಗೆ ಇದು ಗೊತ್ತು. ಸಮಾನಾಂತರ ಎಳೆಗಳು, ಎಳೆಗಳ ನಡುವೆ ತ್ರಿಕೋನ, ತ್ರಿಕೋನದೊಳಗೆ ಪುಟ್ಟ ಪುಟ್ಟ ಗೊಂಬೆಗಳು, ಸುತ್ತ ಜಡೆ ಹೆಣೆದ ಅಂಚು. ಮದುಮಕ್ಕಳೂ ಅಲ್ಲಿ ಬೆರಳೆತ್ತರದ ಗೊಂಬೆಗಳೇ. ಮರ, ಹಕ್ಕಿ, ತೆನೆ, ಮನುಷ್ಯ ಎಲ್ಲವೂ ಒಂದೇ ಅಳತೆಗೆ ಇಳಿದಿರುತ್ತವೆ. ಅಲ್ಲಿ ಮನುಷ್ಯನೇ ದೊಡ್ಡವನೆಂಬ ಲೆಕ್ಕವಿಲ್ಲ.

ಈಗ ಬೆಂಗಳೂರಿನ ಫ್ಲ್ಯಾಟುಗಳಿಗೆ ಬನ್ನಿ. ನಡುಮನೆಯ ಒಂದು ಗೋಡೆಗೆ ದೊಡ್ಡ ದೊಡ್ಡ ಹಸಿರು ಎಲೆಗಳ ವಾಲ್‌ಪೇಪರ್ ಇರುತ್ತದೆ. ಹೆಚ್ಚಿನ ಸಲ ಅದು ಮಾನ್‌ಸ್ಟೆರಾ ಎಲೆ, ದಕ್ಷಿಣ ಮೆಕ್ಸಿಕೊದಿಂದ ಪನಾಮಾದವರೆಗಿನ ಕಾಡಿನಲ್ಲಿ ಹಬ್ಬುವ ಬಳ್ಳಿಯದ್ದು. ಚಂದದ ಎಲೆಯೇ, ತಕರಾರಿಲ್ಲ. ಆದರೆ ಕಿಟಕಿಯಾಚೆ ಹೊಂಗೆ ಚಿಗುರುವುದನ್ನು ನೋಡದೆ, ಗೋಡೆಯ ಮೇಲಿನ ಎಲೆಗೆ ‘ಪ್ರಕೃತಿ ಪ್ರೇರಿತ ವಿನ್ಯಾಸ’ ಎಂದು ಚದರಡಿ ಲೆಕ್ಕದಲ್ಲಿ ದುಡ್ಡು ಕೊಡುವುದು ನನಗೆ ಅರ್ಥವಾಗಿಲ್ಲ. ಪ್ರಿಂಟಾದ ಎಲೆ ಚಿಗುರುವುದಿಲ್ಲ, ಹಣ್ಣಾಗುವುದಿಲ್ಲ, ಉದುರುವುದಿಲ್ಲ. ನಾಲ್ಕು ದಿನದಲ್ಲಿ ಅದು ಅಲ್ಲಿದೆಯೆಂಬುದೇ ಮರೆತುಹೋಗುತ್ತದೆ.

ನಮ್ಮ ಹಳೆಯ ಮನೆಗಳು ಪ್ರಕೃತಿಯ ಚಿತ್ರವನ್ನು ಗೋಡೆಗೆ ಅಂಟಿಸಿಕೊಂಡಿದ್ದು ಕಡಿಮೆ. ಮಳೆ ಹೇಳಿದಂತೆ ಮಾಡು ಇಳಿಯಿತು, ಬಿಸಿಲು ಹೇಳಿದಂತೆ ಜಗಲಿ ಬಂತು. ತೊಟ್ಟಿಮನೆಯ ನಡುವಿನ ಅಂಗಳ ಗಾಳಿ ಬೆಳಕಿಗೂ ಹೌದು, ಅಡಿಕೆ ಒಣಗಿಸುವುದಕ್ಕೂ ಹೌದು. ಕಾಲಿಗೆ ಸಿಕ್ಕ ಕಲ್ಲೇ ಗೋಡೆಯಾಯಿತು. ಕರಾವಳಿಯಲ್ಲಿ ಮುರಕಲ್ಲನ್ನು ನೆಲದಿಂದ ಕಡಿದು ತೆಗೆದು ಬಿಸಿಲು ಗಾಳಿಗೆ ಬಿಟ್ಟರೆ ಅದು ಗಟ್ಟಿಯಾಗುತ್ತದೆ. 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ನೋಡಿಯೇ. ಮಳೆಗಾಲ ಬಂತೆಂದರೆ ಮಲೆನಾಡಿನ ಮನೆಗಳ ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಮಳೆ ಹೋದ ಮೇಲೆ ಅದನ್ನು ಬಿಚ್ಚಿ ಗೊಬ್ಬರದ ಗುಂಡಿಗೆ ಸೇರಿಸುತ್ತಿದ್ದರು. ಒಂದು ಋತುವಿಗೆ ಮಾತ್ರ ಇರುವ ಗೋಡೆ. ಇಂದಿನ ಯಾವ ಒಳಾಂಗಣ ವಿನ್ಯಾಸಕಾರನಿಗೂ ಈ ಯೋಚನೆ ಕದಿಯುವಷ್ಟು ಒಳ್ಳೆಯದು.

ಗೋಡೆಯ ಅಲಂಕಾರದ ಮಾತು ಬಂದರೆ ಕಾವಿ ಕಲೆಯನ್ನು ಬಿಡುವಂತಿಲ್ಲ. ಉತ್ತರ ಕನ್ನಡದಿಂದ ಗೋವೆಯವರೆಗಿನ ಕೆಲವು ಹಳೆಯ ದೇವಸ್ಥಾನ, ಮನೆಗಳಲ್ಲಿ ಬಿಳಿ ಗೋಡೆಯ ಮೇಲೆ ಕಡುಗೆಂಪು ಬಳ್ಳಿ, ಹೂವು, ಆನೆ, ದೇವರು ಕಾಣುತ್ತವೆ. ಅದು ಬಳಿದ ಬಣ್ಣವಲ್ಲ. ಕಡಲ ಚಿಪ್ಪು ಸುಟ್ಟ ಸುಣ್ಣಕ್ಕೆ ಮರಳು, ಬೆಲ್ಲ ಸೇರಿಸಿ ಕೊಳೆಹಾಕಿ ಕುಟ್ಟಿ ಗಿಲಾವು ಮಾಡಿ, ಅದರ ಮೇಲೆ ಕೆಂಪುಮಣ್ಣಿನ ಪದರ ಹಚ್ಚಿ, ಹಸಿ ಇರುವಾಗಲೇ ಕಂಟವೆಂಬ ಚೂಪು ಸಲಾಕೆಯಿಂದ ಕೊರೆದು ಬೇಡದ ಕೆಂಪನ್ನು ಕೆರೆದು ತೆಗೆಯುತ್ತಾರೆ. ಕೆಳಗಿನ ಬಿಳಿ ಹೊರಬರುತ್ತದೆ. ಕಡಲು ಬಿಳಿ ಕೊಟ್ಟಿತು, ಗುಡ್ಡ ಕೆಂಪು ಕೊಟ್ಟಿತು. ಜೀರ್ಣೋದ್ಧಾರದ ಹೆಸರಲ್ಲಿ ಇಂಥ ಎಷ್ಟೋ ಗೋಡೆಗಳು ಆಯಿಲ್ ಪೇಂಟಿನಡಿ ಮುಚ್ಚಿಹೋದವು. ಟೈಲ್ಸ್ ಅಂಟಿಸಿಕೊಂಡವೂ ಇವೆ.

ಹೊಸದಾಗಿ ಏನೂ ಆಗುತ್ತಿಲ್ಲ ಎಂದಲ್ಲ. ಅಡಿಕೆ ಬೇಯಿಸಿದ ನೀರು ಮಂದವಾಗಿ ಉಳಿಯುವುದಕ್ಕೆ ಚೊಗರು ಎನ್ನುತ್ತಾರೆ. ತೋಟದವರಿಗೆ ಅದು ಅಡಿಕೆಗೆ ಬಣ್ಣ ಕೊಡುವ ವಸ್ತು. ಬಟ್ಟೆಗೆ ತಾಗಿದರೆ ಮನೆಯಾಕೆಗೆ ತಲೆನೋವು, ಒಗೆದರೂ ಹೋಗದ ಕಲೆ. ಒಗೆದರೆ ಹೋಗದ ಕಲೆ ಎಂದರೆ ಒಳ್ಳೆಯ ಬಣ್ಣ ಎಂದೇ ಅಲ್ಲವೇ? ರಂಗಕರ್ಮಿ ಪ್ರಸನ್ನ ಅವರ ಮುಂದಾಳತ್ವದಲ್ಲಿ ಹೆಗ್ಗೋಡಿನ ಹತ್ತಿರದ ಭೀಮನಕೋಣೆಯಲ್ಲಿ ಹುಟ್ಟಿದ ‘ಚರಕ’ ಮಹಿಳಾ ಸಹಕಾರಿ ಸಂಘ ಈ ಚೊಗರಿನಲ್ಲಿ ನೂಲು ಅದ್ದಿ ಕೈಮಗ್ಗದ ಬಟ್ಟೆ ನೇಯ್ದಿತು. ದಾಳಿಂಬೆ ಸಿಪ್ಪೆಯನ್ನೂ ಬಣ್ಣಕ್ಕೆ ಬಳಸಿತು. ನಿತ್ಯ ಕಣ್ಣೆದುರಿದ್ದ ಕಲೆಯಲ್ಲಿ ಬಣ್ಣ ಕಾಣುವುದಿದೆಯಲ್ಲ, ಸ್ಫೂರ್ತಿ ಎಂಬ ದೊಡ್ಡ ಮಾತಿಗೆ ನಾನು ಕೊಡುವ ಉದಾಹರಣೆ ಅದೇ.

ಚನ್ನಪಟ್ಟಣದ ಬೊಂಬೆಯ ಕತೆಯೂ ಇಂಥದ್ದೇ. ಬೊಂಬೆಗೆ ಬೇಕಾದದ್ದು ಹಾಲೆ ಮರ, ಅರಗು, ತಾಳೆಗರಿ. ಪಟ್ಟಡಿಯಲ್ಲಿ ತಿರುಗುವ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತಿದರೆ ಉಜ್ಜಾಟದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಮೇಲೊಂದು ತುಂಡು ತಾಳೆಗರಿ ಒತ್ತಿ ಹಿಡಿದರೆ ಹೊಳಪು. ಬೆಂಕಿ ಬೇಡ, ಬ್ರಷ್ ಬೇಡ. ಆ ಅರಗು ಮರದ ಕೊಂಬೆಗೆ ಕಚ್ಚಿ ಕೂತು ರಸ ಹೀರುವ ಪುಟ್ಟ ಕೀಟ ಒಸರಿದ್ದು. ಮಗುವಿನ ಕೈಗೆ ಗಿಲಕಿ ಕೊಡುವಾಗ ‘ಇದನ್ನು ಮಾಡಿದ್ದರಲ್ಲಿ ಒಂದು ಹುಳದ ಪಾಲೂ ಇದೆ’ ಎಂದು ಹೇಳಿ ನೋಡಿ. ಆ ಗಿಲಕಿಯನ್ನು ಅದು ಮೂಲೆಗೆ ಎಸೆಯುವುದಿಲ್ಲ.

ಮಕ್ಕಳ ಕತೆಯ ಮಾತು ಹೀಗೆಯೇ ಬರುತ್ತದೆ. ಮಕ್ಕಳಿಗೆ ಬರೆಯುವವರು ಇಂದಿಗೂ ‘ಒಂದು ಕಾಡಿನಲ್ಲಿ ಒಂದು ಸಿಂಹವಿತ್ತು’ ಎಂದು ಶುರುಮಾಡುತ್ತಾರೆ. ಕರ್ನಾಟಕದ ಕಾಡಿನಲ್ಲಿ ಸಿಂಹವಿಲ್ಲ. ಪಂಚತಂತ್ರದ ಸಿಂಹ ಪಿಂಗಳಕನಿಗೆ ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನೇ ಕನ್ನಡ ಕಲಿಸಿದ್ದಾನೆ, ಅವನಿರಲಿ. ಹೊಸ ಕತೆಗೂ ಅವನೇ ಯಾಕೆ ಬೇಕು? ಪಂಜೆ ಮಂಗೇಶರಾಯರು ಮಕ್ಕಳಿಗೆ ಬರೆಯಹೊರಟಾಗ ಹಿತ್ತಲಿನ ನಾಗರಹಾವನ್ನು ನೋಡಿದರು, ಕಡಲಿಂದ ನುಗ್ಗಿ ಬರುವ ತೆಂಕಣ ಗಾಳಿಯನ್ನು ಕೇಳಿದರು. ಶಿವರಾಮ ಕಾರಂತರು 1930ರ ದಶಕದಲ್ಲೇ ‘ಬಾಲ ಪ್ರಪಂಚ’ದ ಮೂರು ಸಂಪುಟಗಳನ್ನು ಮಕ್ಕಳ ಕೈಗಿಟ್ಟರು; ಪುತ್ತೂರಿನ ಬಾಲವನದಲ್ಲಿ ಪಾಠವನ್ನು ನಾಲ್ಕು ಗೋಡೆಯಿಂದ ಆಚೆಗೆ ತಂದರು. ಪೂರ್ಣಚಂದ್ರ ತೇಜಸ್ವಿಯವರಂತೂ ‘ಪರಿಸರದ ಕತೆ’ಯಲ್ಲಿ ತಮ್ಮ ನಾಯಿ ‘ಕಿವಿ’ಯನ್ನೂ ಮಾರ, ಪ್ಯಾರರನ್ನೂ ಕನ್ನಡದ ಶಾಲಾ ಮಕ್ಕಳ ಮನೆಮಂದಿ ಮಾಡಿಬಿಟ್ಟರು. 1980ರ ‘ಕರ್ವಾಲೊ’ದಲ್ಲಿ ಒಂದು ಓತಿಯ ಹಿಂದೆ ಒಂದು ತಂಡವನ್ನೇ ಕಾಡಿಗೆ ಅಟ್ಟಿದರು. ಹಾರುವ ಓತಿಯನ್ನು ನೋಡಲು ಹಿಮಾಲಯ ಹತ್ತಬೇಕಿಲ್ಲ. ನಮ್ಮ ಅಡಿಕೆ ತೋಟಗಳಲ್ಲೇ ಮರದಿಂದ ಮರಕ್ಕೆ ತೇಲುತ್ತಿರುತ್ತದೆ. ತೊಗಟೆಗೆ ಅಂಟಿ ಕೂತಾಗ ಮಾತ್ರ ಕಾಣುವುದಿಲ್ಲ, ಅಷ್ಟೆ.

ಕತೆ ಬೇಕೆಂದವರು ಒಂದು ಮಳೆಗಾಲ ಗೀಜಗವನ್ನು ನೋಡಲಿ. ಕೆರೆ ದಂಡೆಯ ಈಚಲಿಗೋ ಬಾವಿಗೆ ಬಾಗಿದ ಜಾಲಿಗೋ ಗೂಡುಗಳು ತೂಗುತ್ತಿರುತ್ತವೆ. ಕಟ್ಟುವುದು ಗಂಡು. ಭತ್ತದ ಗರಿಯ ಅಂಚನ್ನು ಕೊಕ್ಕಿನಲ್ಲಿ ಕಚ್ಚಿ, ಹಾರುತ್ತಲೇ ಎಳೆದು ಉದ್ದನೆಯ ಸೀಳು ತೆಗೆಯುತ್ತದೆ. ಕೊಂಬೆಗೆ ಸುತ್ತಿ, ಗಂಟು ಹಾಕಿ, ಹೆಣೆದು, ಗೂಡು ಅರ್ಧ ಆದಾಗ, ಅಂದರೆ ಬೋರಲು ಹಾಕಿದ ಟೊಪ್ಪಿಯಂತೆ ಕಾಣುವ ಹೊತ್ತಿಗೆ, ರೆಕ್ಕೆ ಬಡಿಯುತ್ತ ಹೆಣ್ಣುಗಳನ್ನು ಕರೆಯುತ್ತದೆ. ಹೆಣ್ಣು ಬಂದು ಒಳಗೆ ಕೂತು, ಕುಕ್ಕಿ, ಎಳೆದು ನೋಡುತ್ತದೆ. ಒಪ್ಪಿದರೆ ಮುಂದಿನ ಕೆಲಸ, ಉದ್ದನೆಯ ಕೊಳವೆ ಬಾಗಿಲು. ಒಪ್ಪದಿದ್ದರೆ ಇಷ್ಟು ದಿನದ ದುಡಿಮೆ ಅಲ್ಲಿಗೇ ನಿಂತಿತು. ಗೂಡಿನ ಒಳಗೋಡೆಗೆ ಅಲ್ಲಲ್ಲಿ ಹಸಿಮಣ್ಣನ್ನೂ ಮೆತ್ತಿರುತ್ತದೆ. 1930ರ ಸುಮಾರಿಗೆ ಮುಂಬಯಿ ಹತ್ತಿರದ ಕಿಹಿಮ್‌ನಲ್ಲಿ ಪಕ್ಷಿತಜ್ಞ ಸಲೀಂ ಅಲಿ ಈ ಸಂಸಾರವನ್ನು ಕಾದು ಕೂತು ನೋಡಿ ಬರೆದರು. ಹೆಣ್ಣು ಮೊಟ್ಟೆಯಿಟ್ಟು ಕಾವಿಗೆ ಕೂತಿತೋ ಇಲ್ಲವೋ, ಗಂಡು ಪಕ್ಕದಲ್ಲೇ ಎರಡನೆಯ ಗೂಡು ಶುರುಮಾಡಿ ಇನ್ನೊಬ್ಬಳನ್ನು ಕರೆಯತೊಡಗುತ್ತದೆ! ಈ ಭಾಗವನ್ನು ಮಕ್ಕಳಿಗೆ ಹೇಗೆ ಹೇಳಬೇಕೆಂಬುದು ಅಪ್ಪ ಅಮ್ಮಂದಿರಿಗೆ ಬಿಟ್ಟದ್ದು. ಆದರೆ ಅರ್ಧ ಕಟ್ಟಿ ಬಿಟ್ಟ ಗೂಡುಗಳ ಬಗ್ಗೆಯೇ ಒಂದು ಕತೆ ಬರೆಯಬಹುದು. ಅಲ್ಲಿ ನೀತಿಪಾಠ ಹೊಸೆಯುವ ಗೋಜೂ ಬೇಡ.

ಬರೆಯುವ ಮೊದಲು ನೋಡುವುದು, ನೋಡುವಾಗ ಹೆಸರು ಕೇಳಿಕೊಳ್ಳುವುದು, ಇಷ್ಟು ಸಾಕು. ‘ಒಂದು ಹಕ್ಕಿ ಒಂದು ಮರದ ಮೇಲೆ ಕೂತಿತ್ತು’ ಎಂಬ ವಾಕ್ಯಕ್ಕೂ ‘ಬೂರುಗದ ಮೇಲೆ ಗೊರವಂಕ ಕೂತಿತ್ತು’ ಎಂಬುದಕ್ಕೂ ಇರುವ ಅಂತರ ಮಗುವಿಗೆ ಕೂಡಲೇ ತಿಳಿಯುತ್ತದೆ. ಎರಡನೆಯದನ್ನು ಹೇಳಿದರೆ ಬೂರುಗ ಎಂದರೇನು ಎಂದು ಕೇಳುತ್ತದೆ. ತೋರಿಸಲು ಕೈಹಿಡಿದು ಕರೆದೊಯ್ಯಬೇಕಾಗುತ್ತದೆ. ಕತೆಯ ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ದಾರಿಯಲ್ಲಿ ಬಿದ್ದ ಅಡಿಕೆ ಹಾಳೆ ಸಿಕ್ಕರೆ ಅದರ ಮೇಲೆ ಕೂರಿಸಿ ನಾಲ್ಕು ಮಾರು ಎಳೆದುಕೊಂಡು ಹೋಗಿ. ಮಲೆನಾಡಿನಲ್ಲಿ ಬೆಳೆದವರಿಗೆ ಈ ಸವಾರಿಯ ಬಗ್ಗೆ ನಾನು ಹೇಳಬೇಕಿಲ್ಲ.

ಮನೆಯಲ್ಲಿ ಮಾಡಿ ನೋಡುವವರಿಗೆ ಚಿತ್ತಾರದ ಬಿಳಿ ಸುಲಭ. ಒಂದು ಹಿಡಿ ಅಕ್ಕಿ ರಾತ್ರಿ ನೆನೆಸಿ ಬೆಳಗ್ಗೆ ನುಣ್ಣಗೆ ಅರೆಯಿರಿ. ಕೆಮ್ಮಣ್ಣನ್ನು ನೀರಲ್ಲಿ ಕದಡಿ ಬಟ್ಟೆಯಲ್ಲಿ ಸೋಸಿ ಮಡಕೆಗೋ ಹಳೆಯ ಮೊರಕ್ಕೋ ಬಳಿದು ಒಣಗಿಸಿ. ಪುಂಡಿ ನಾರು ಸಿಗದಿದ್ದರೆ ಬಾಳೆ ನಾರಿನಲ್ಲೂ ಗೆರೆ ಎಳೆಯಬಹುದು. ಮಕ್ಕಳ ಗೆರೆ ಸೊಟ್ಟಗಿದ್ದರೆ ತಿದ್ದಬೇಡಿ.

ಮನೆಯ ಗೋಡೆಗೆ ಚಿತ್ತಾರ ಬೇಕೆಂದು ಆಸೆಯಿರುವವರಲ್ಲಿ ಒಂದು ಕೋರಿಕೆ. ಅಂತರ್ಜಾಲದಿಂದ ಚಿತ್ರ ಇಳಿಸಿಕೊಂಡು ವಿನೈಲ್ ಮೇಲೆ ಪ್ರಿಂಟ್ ಹಾಕಿಸಬೇಡಿ. ಸಾಗರ, ಸೊರಬದ ಹಳ್ಳಿಗಳಲ್ಲಿ ಬರೆಯಬಲ್ಲ ಚಿತ್ತಾರಗಿತ್ತಿಯರು ಇನ್ನೂ ಇದ್ದಾರೆ. ಅವರನ್ನು ಕರೆಸಿ, ಹೋಗಿ ಬರುವ ಖರ್ಚು, ಊಟ, ದಿನದ ಕೂಲಿ ಎಲ್ಲ ಮೊದಲೇ ಮಾತಾಡಿಕೊಳ್ಳಿ, ಚೌಕಾಸಿ ಮಾಡಬೇಡಿ. ಬರೆದ ಮೇಲೆ ಗೋಡೆಯ ಕೆಳಮೂಲೆಯಲ್ಲಿ ಅವರ ಹೆಸರನ್ನೂ ಅವರಿಂದಲೇ ಬರೆಸಿ.