ಕಿಣ್ವ ಎಂದರೇನು?

ರಕ್ತಪರೀಕ್ಷೆಯ ವರದಿಯನ್ನು ನೋಡಿ ವೈದ್ಯರು ‘ಯಕೃತ್ತಿನ ಎಂಜೈಮ್ ಹೆಚ್ಚಾಗಿದೆ’ ಎಂದರೆ, ಯಕೃತ್ತು ಚುರುಕಾಗಿ ಕೆಲಸ ಮಾಡುತ್ತಿದೆಯೆಂದು ಸಮಾಧಾನಪಡುವವರುಂಟು. ಪದದ ಅರ್ಥ ಅರ್ಧ ಮಾತ್ರ ತಿಳಿದಾಗ ಆಗುವ ತಪ್ಪಿದು.

ಎಂಜೈಮಿಗೆ ಕನ್ನಡದಲ್ಲಿ ಕಿಣ್ವ ಎನ್ನುತ್ತೇವೆ. ಇದು ಸಂಸ್ಕೃತದ ಹಳೆಯ ಪದ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮದ್ಯವನ್ನು ಹುಳಿಯಿಸಲು ಬಳಸುವ ಹುದುಗಿಗೆ ಈ ಹೆಸರಿದೆ. ಜರ್ಮನಿಯ ಶರೀರವಿಜ್ಞಾನಿ ವಿಲ್ಹೆಲ್ಮ್ ಕ್ಯೂನೆ 1870ರ ದಶಕದಲ್ಲಿ ‘ಎಂಜೈಮ್’ ಪದವನ್ನು ಟಂಕಿಸಿದಾಗ ಆಧಾರವಾಗಿ ತೆಗೆದುಕೊಂಡದ್ದೂ ಹುದುಗನ್ನು ಸೂಚಿಸುವ ಗ್ರೀಕ್ ಪದವನ್ನೇ. ಕಿಣ್ವವೆಂಬ ಅನುವಾದ ಎಷ್ಟು ಸಮರ್ಪಕವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ತಾನು ವ್ಯಯವಾಗದೆ ರಾಸಾಯನಿಕ ಕ್ರಿಯೆಯನ್ನು ತ್ವರೆಗೊಳಿಸುವ ವಸ್ತು ವೇಗವರ್ಧಕ. ವನಸ್ಪತಿ ತುಪ್ಪದ ತಯಾರಿಕೆಯಲ್ಲಿ ನಿಕ್ಕಲ್ ಲೋಹ ಮಾಡುವುದು ಈ ಕೆಲಸವನ್ನೇ. ಆದರೆ ಅದು ಕಿಣ್ವವಲ್ಲ. ಜೀವಕೋಶಗಳು ತಯಾರಿಸುವ, ಬಹುತೇಕ ಪ್ರೋಟೀನಿನಿಂದಾದ ವೇಗವರ್ಧಕವೇ ಕಿಣ್ವ. ಒಂದೊಂದು ಕಿಣ್ವಕ್ಕೆ ಒಂದೊಂದು ಕೆಲಸ. ಜೋಳದ ರೊಟ್ಟಿಯ ತುತ್ತನ್ನು ನಿಧಾನವಾಗಿ ಅಗಿದರೆ ಬಾಯಲ್ಲಿ ಸಿಹಿ ಮೂಡುತ್ತದೆ; ಜೊಲ್ಲಿನಲ್ಲಿರುವ ಅಮೈಲೇಸ್ ಪಿಷ್ಟವನ್ನು ಸಕ್ಕರೆಯಾಗಿ ಒಡೆಯುತ್ತಿರುತ್ತದೆ. ಹಾಲಿನ ಸಕ್ಕರೆಯನ್ನು ಒಡೆಯುವ ಲ್ಯಾಕ್ಟೇಸ್ ಅನೇಕರಲ್ಲಿ ವಯಸ್ಸಿನೊಂದಿಗೆ ಕುಗ್ಗುತ್ತದೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಮೊಸರು ಒಗ್ಗುವುದು, ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಪಾಲನ್ನು ಮೊದಲೇ ಒಡೆದಿರುವುದರಿಂದ. ಹೆಪ್ಪೇ ಕಿಣ್ವವಲ್ಲ, ಕಿಣ್ವ ಇರುವುದು ಆ ಜೀವಿಗಳಲ್ಲಿ.

ಈಗ ವರದಿಯ ಮಾತು. ಎಸ್‌ಜಿಪಿಟಿ, ಎಸ್‌ಜಿಒಟಿ ಎಂಬ ಕಿಣ್ವಗಳ ಸ್ಥಾನ ಜೀವಕೋಶದ ಒಳಗೆ. ಕೋಶಗಳಿಗೆ ಪೆಟ್ಟಾದಾಗ ಅವು ರಕ್ತಕ್ಕೆ ಸೋರುತ್ತವೆ. ಆದ್ದರಿಂದ ವರದಿಯಲ್ಲಿ ಅಂಕಿ ಏರಿದರೆ ಅದು ಚುರುಕುತನದ ಗುರುತಲ್ಲ, ಹಾನಿಯ ಸೂಚನೆ. ಯಕೃತ್ತಿನ ಸೋಂಕು, ಕೊಬ್ಬು ತುಂಬಿದ ಯಕೃತ್ತು, ಮದ್ಯಪಾನ, ಕೆಲವು ಔಷಧಿಗಳು ಇದಕ್ಕೆ ಕಾರಣವಾಗಬಹುದು. ಎಸ್‌ಜಿಒಟಿ ಸ್ನಾಯುಗಳಲ್ಲಿಯೂ ಇರುವುದರಿಂದ ಅತಿಯಾದ ದೈಹಿಕ ಶ್ರಮದ ನಂತರವೂ ಏರುವುದುಂಟು. ಅಂಕಿಯೊಂದನ್ನೇ ನೋಡಿ ಗಾಬರಿಗೊಳ್ಳಬೇಕಾಗಿಲ್ಲ. ಸೇವಿಸುತ್ತಿರುವ ಎಲ್ಲ ಮಾತ್ರೆಗಳನ್ನೂ ನಾಟಿ ಚೂರ್ಣ, ಕಷಾಯಗಳನ್ನೂ ವೈದ್ಯರಿಗೆ ಮುಚ್ಚಿಡದೆ ತಿಳಿಸಬೇಕು. ನಾಟಿ ಮದ್ದಿನ ಸಂಗತಿಯನ್ನು ಹೇಳಲು ನಮ್ಮವರು ಸಂಕೋಚಪಡುವುದೇ ಹೆಚ್ಚು. ಕಣ್ಣು ಹಳದಿಯಾದರೆ, ಮೂತ್ರ ಗಾಢವರ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಅಂಗಡಿಯಲ್ಲಿ ದೊರೆಯುವ ‘ಎಂಜೈಮ್’ ಸಿರಪ್ಪಿಗೂ ಈ ಅಂಕಿಗೂ ಸಂಬಂಧವಿಲ್ಲ. ಅದರಲ್ಲಿರುವುದು ಆಹಾರವನ್ನು ಒಡೆಯುವ ಕಿಣ್ವ. ಯಕೃತ್ತಿನ ಗಾಯವನ್ನು ಅದು ಮಾಯಿಸುವುದಿಲ್ಲ. ಮೇದೋಜೀರಕ ಗ್ರಂಥಿ ದುರ್ಬಲವಾದವರಿಗೆ ವೈದ್ಯರು ಜೀರ್ಣಕಿಣ್ವಗಳನ್ನು ಅಳೆದು ಕೊಡುತ್ತಾರೆ, ಅದೂ ಊಟದ ಜೊತೆಯಲ್ಲಿಯೇ ಸೇವಿಸುವಂತೆ.